ಪಾಪ ಅಂತ ಕೊಂಡ ಚೀಲ

"ನಿಜ ಹೇಳಿ ಹರಿಣಿ, ಇದನ್ನ ನೀವು ದುಡ್ಡು ಕೊಟ್ಟು ತಗೊಳ್ತೀರಾ?"

ಹರಿಣಿಯ ಮುಖದ ಮೇಲಿದ್ದ ನಗು ಅಲ್ಲೇ ಒಣಗಿತು.

ಶನಿವಾರದ ಬೆಳಗ್ಗೆ, ಲ್ಯಾಪ್‌ಟಾಪ್ ಪರದೆಯ ಮೇಲೆ ಮೂರು ಮುಖಗಳು. ಒಂದು, ಅಟ್ಲಾಂಟಾ ಪಕ್ಕದ ಡುಲುತ್‌ನ ತನ್ನ ಅಪಾರ್ಟ್‌ಮೆಂಟಿನಲ್ಲಿ ಕೂತಿದ್ದ ಮೈಸೂರಿನ ಹುಡುಗಿ ಹರಿಣಿಯದು. ಇನ್ನೊಂದು ಅಬೆನಾಳದು. ಘಾನಾದಿಂದ ತಾಯಿಯ ಜೊತೆ ಅಟ್ಲಾಂಟಾಕ್ಕೆ ಬಂದ ಅವಳು ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಲೇ ತನ್ನ ದೇಶದ ಬಣ್ಣಬಣ್ಣದ ಬಟ್ಟೆಯಲ್ಲಿ ಕೈಚೀಲ ಹೊಲಿದು ಬದುಕು ಕಟ್ಟಿಕೊಳ್ಳಬೇಕೆಂದಿದ್ದಳು. ಮೂರನೆಯ ಮುಖವೇ ಈಗ ಇಂಗ್ಲಿಷಿನಲ್ಲಿ ಈ ಬಾಂಬ್ ಹಾಕಿದ್ದು.

ಹೆಸರು ಗುರುದತ್, ಇವನೂ ಕನ್ನಡದವನೇ. ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ಡೇಟಾ ಸೆಂಟರ್ ಕೆಲಸ. ಆಫ್ರಿಕಾದಿಂದ ಬಂದ ತರುಣಿಯರಿಗೆ ಸಣ್ಣ ವ್ಯಾಪಾರ ಕಲಿಸುವ ಸ್ವಯಂಸೇವಾ ಸಂಸ್ಥೆಯೊಂದು ಅಬೆನಾಳಿಗೆ ಇವರಿಬ್ಬರನ್ನೂ ಮೆಂಟರ್ ಮಾಡಿತ್ತು. ಹರಿಣಿ ಆಗಷ್ಟೇ ಚೀಲವನ್ನು ಬಾಯ್ತುಂಬ ಹೊಗಳಿದ್ದಳು. ಇವನೋ, ಚೀಲಕ್ಕೆ ತಳ ಗಟ್ಟಿಯಿಲ್ಲ, ಏನಿಟ್ಟರೂ ಮಗುಚಿಕೊಳ್ಳುತ್ತದೆ ಎಂದುಬಿಟ್ಟ.

ಅಬೆನಾ ಹೋದ ಮೇಲೆ ಹರಿಣಿ ಕನ್ನಡದಲ್ಲೇ ತರಾಟೆಗೆ ತೆಗೆದುಕೊಂಡಳು. "ಆ ಹುಡುಗಿ ಮುಖ ನೋಡಿದ್ರಾ? ಮನಸ್ಸು ಅನ್ನೋದು ಇದೆಯಾ ನಿಮಗೆ?"

"ಇದೆ. ಅದಕ್ಕೇ ಸುಳ್ಳು ಹೇಳಲ್ಲ."

ಎಂಥ ಒರಟ... ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದಳು. ಆದರೆ ಮುಂದಿನ ಶನಿವಾರ ಅದೇ ಒರಟನ ಎದುರು ಕೂರುವ ಮೊದಲು ಎರಡೆರಡು ಸಲ ತಲೆ ಬಾಚಿಕೊಂಡಳು.

ಶನಿವಾರಗಳು ಉರುಳಿದವು. ಅಬೆನಾ ಹೊರಟ ಮೇಲೂ ಇವರಿಬ್ಬರ ಮಾತು ಮುಗಿಯುತ್ತಿರಲಿಲ್ಲ. ಚೀಲದಿಂದ ಶುರುವಾದದ್ದು ಫಿಲ್ಟರ್ ಕಾಫಿ, ವೀಸಾ, ಊರಿನ ಮಾವಿನಕಾಯಿ ಉಪ್ಪಿನಕಾಯಿಯವರೆಗೆ ಹೋಗುತ್ತಿತ್ತು. ಅವನು ನಕ್ಕರೆ ಚೆನ್ನಾಗಿ ಕಾಣುತ್ತಾನೆ ಎಂಬುದೂ ಅವಳ ಗಮನಕ್ಕೆ ಬಂದಿತ್ತು. ಇದು ಅವನಿಗೆ ಗೊತ್ತಾಗುವುದು ಬೇಡ ಎಂದು ಇನ್ನಷ್ಟು ಜಗಳವಾಡುತ್ತಿದ್ದಳು.

ಆದರೆ ಅಬೆನಾಳ ಚೀಲಗಳು ಮಾತ್ರ ಮಾರಾಟವಾಗಲಿಲ್ಲ. ಒಂದು ಶನಿವಾರ ಅವಳು ಕಣ್ಣು ತಗ್ಗಿಸಿ, ಇನ್ನು ಹೊಲಿಗೆ ನಿಲ್ಲಿಸುತ್ತೇನೆ ಎಂದಳು. ಹರಿಣಿಗೆ ತಡೆಯಲಾಗಲಿಲ್ಲ.

ಮೆಂಟರ್‌ಗಳಿಗೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ತಮ್ಮವರನ್ನು ಗಿರಾಕಿ ಮಾಡಿ ಕಳಿಸಬಾರದು, ಹಾಗೆ ಮಾಡಿದರೆ ಕಲಿಯುವವಳಿಗೆ ತನ್ನ ಮಾಲಿನ ನಿಜವಾದ ಯೋಗ್ಯತೆಯೇ ತಿಳಿಯುವುದಿಲ್ಲ. ಹರಿಣಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬರೆದಳು: ಪಾಪ, ಒಳ್ಳೆಯ ಹುಡುಗಿ, ಒಂದೊಂದು ಚೀಲ ತಗೊಳ್ಳಿ, ನಾನು ಹೇಳಿದೆ ಅಂತ ಹೇಳಬೇಡಿ...

ನಮ್ಮ ಸಂಘದ ಆಂಟಿಯರಿಗೆ 'ಪಾಪ' ಎಂಬ ಒಂದು ಮಾತು ಸಾಕು. ಆರ್ಡರುಗಳು ನಾ ಮುಂದು ತಾ ಮುಂದು ಎಂದು ಬಂದವು!

ಮುಂದಿನ ಶನಿವಾರ ಅಬೆನಾಳ ಮುಖ ಅರಳಿತ್ತು. ಅಂಗಡಿಯ ಕೆಲಸ ಬಿಟ್ಟುಬಿಡುತ್ತೇನೆ, ಇನ್ನು ಇದೇ ನನ್ನ ಉದ್ಯೋಗ ಎಂದಳು. ಹರಿಣಿಗೆ ಇದು ಹೊಳೆದೇ ಇರಲಿಲ್ಲ. ಆ ಸಂಬಳದಲ್ಲೇ ತಾಯಿ ಮಗಳ ಮನೆ ನಡೆಯುತ್ತಿತ್ತು.

ಗುರುದತ್ ಯಾರು ಕೊಂಡರು ಎಂದು ಮಾತ್ರ ಕೇಳಿದ. ಅಬೆನಾ ಹೆಮ್ಮೆಯಿಂದ ಹೆಸರುಗಳನ್ನು ಓದಿದಳು. ರಾಜಲಕ್ಷ್ಮಿ, ಅಲಮೇಲು, ಜಯಂತಿ... ಎಲ್ಲ ನಮ್ಮ ಕಡೆಯ ಹೆಸರುಗಳೇ! ಅವನು "ಹರಿಣಿ?" ಎಂದಷ್ಟೇ ಅಂದ.

ಅಬೆನಾ ಹೋದ ಮೇಲೆ ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಅವಳು ಜಾಬ್ ಬಿಡೋಕೆ ಮುಂಚೆ ನಿಜ ಹೇಳಿಬಿಡಿ ಹರಿಣಿ."

"ಅವಳ ಖುಷಿ ನಿಮ್ಮ ಕಣ್ಣಿಗೆ ಚುಚ್ಚತ್ತೆ ಅಲ್ವಾ?" ಎಂದು ರೇಗಿ, ಅವನ ಉತ್ತರಕ್ಕೂ ಕಾಯದೆ ಕಾಲ್ ಕಟ್ ಮಾಡಿದಳು.

ವಾರವಿಡೀ ನಿದ್ದೆ ಸರಿಯಿಲ್ಲ. ಕೊನೆಗೆ ಹೇಳಲೇಬೇಕೆಂದು ಗಟ್ಟಿ ಮನಸ್ಸು ಮಾಡಿ ಶನಿವಾರ ಕೂತರೆ, ಗುರುದತ್‌ನ ಜಾಗ ಖಾಲಿ. ಕೆಲವು ವಾರ ಬರುವುದಿಲ್ಲವಂತೆ ಎಂದು ಅಬೆನಾ ಹೇಳಿದಳು.

ಬಿಟ್ಟೇ ಹೋದ... ನನ್ನ ಮುಖ ನೋಡುವುದೂ ಬೇಡವಾಯಿತು ಅವನಿಗೆ. ಆದರೂ ಹರಿಣಿ ಒಂದನ್ನೂ ಮುಚ್ಚಿಡದೆ ಎಲ್ಲವನ್ನೂ ಅಬೆನಾಳಿಗೆ ಹೇಳಿದಳು.

ಅಬೆನಾ ಕಣ್ಣೊರೆಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು: ಆ ಆಂಟಿಯರ ಮನೆಗೆ ನನ್ನನ್ನು ಕರೆದುಕೊಂಡು ಹೋಗುತ್ತೀಯಾ? ನನ್ನ ಚೀಲ ಎಲ್ಲಿದೆ ಎಂದು ನೋಡಬೇಕು.

ರಾಜಲಕ್ಷ್ಮಿ ಆಂಟಿಯ ಮನೆಯಲ್ಲಿ ಅದು ಕ್ಲೋಸೆಟ್‌ನ ಮೂಲೆಯಲ್ಲಿತ್ತು, ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ. ಆಂಟಿ ನಾಚಿಕೊಂಡರು. ಬಟ್ಟೆ ಬಹಳ ಚಂದ, ಆದರೆ ನನಗೆ ಬೇಕಾಗುವುದು ತಾಂಬೂಲಕ್ಕೆ, ಗೌರಿ ಹಬ್ಬಕ್ಕೆ ಬಂದ ಮುತ್ತೈದೆಯರಿಗೆ ಕೊಡಲು, ಇದರಲ್ಲಿ ತೆಂಗಿನಕಾಯಿ ಇಟ್ಟರೆ ಬಿದ್ದುಹೋಗುತ್ತದೆ ಎಂದರು.

ಗುರುದತ್ ಮೊದಲ ದಿನ ಹೇಳಿದ್ದೂ ಅದನ್ನೇ ಅಲ್ಲವೇ! ಹರಿಣಿ ತುಟಿ ಕಚ್ಚಿಕೊಂಡಳು.

ತಾಂಬೂಲ ಅಂದರೆ ಏನೇನು ಎಂದು ಅಬೆನಾ ಕೇಳಿದಳು. ಆಂಟಿ ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣು, ಬ್ಲೌಸ್ ಪೀಸ್ ಎಲ್ಲ ತಂದಿಟ್ಟರು. ಅಬೆನಾ ಪರ್ಸಿನಿಂದ ಟೇಪ್ ತೆಗೆದು ತೆಂಗಿನಕಾಯಿಯ ಸುತ್ತಳತೆ ತೆಗೆದುಕೊಂಡಳು.

ಅಂಗಡಿಯ ಕೆಲಸ ಬಿಡದೆಯೇ ಅವಳು ಹೊಸ ಚೀಲ ಹೊಲಿದಳು. ಪುಟ್ಟದು, ಗಟ್ಟಿ ತಳದ್ದು. ಆಂಟಿ ಅದರಲ್ಲಿ ತೆಂಗಿನಕಾಯಿ ಇಟ್ಟು ನೋಡಿ, ಯಾರೂ ಹೇಳದೆಯೇ ಹಬ್ಬಕ್ಕೆ ಬೇಕಾದಷ್ಟೂ ಬರೆಸಿದರು. ಅದನ್ನು ಕಂಡ ಅಲಮೇಲು ತಮಗೂ ಬೇಕೆಂದರು. ದೂರದ ಷಾರ್ಲಟ್ ಊರಿನಿಂದ ಪರಿಚಯವೇ ಇಲ್ಲದ ಯಾರೋ ನವರಾತ್ರಿಗೆಂದು ಫೋನ್ ಮಾಡಿದರು. ಆಗ ಅಬೆನಾ ಧೈರ್ಯವಾಗಿ ಅಂಗಡಿಯ ಕೆಲಸ ಬಿಟ್ಟಳು.

ಹರಿಣಿಗೆ ಹಾಲು ಕುಡಿದಷ್ಟು ಸಂತೋಷ. ಆದರೆ ಈ ಸಂತೋಷವನ್ನು ಮೊದಲು ಹೇಳಬೇಕಾದವನಿಗೆ ಬರೆದ ಮೆಸೇಜನ್ನು ಪ್ರತಿ ಸಲವೂ ಅಳಿಸುತ್ತಿದ್ದಳು.

ಗೌರಿ ಹಬ್ಬದ ಸಂಜೆ ರಾಜಲಕ್ಷ್ಮಿ ಆಂಟಿಯ ಮನೆ ಬಾಗಿಲ ತುಂಬ ಚಪ್ಪಲಿಗಳು. ಹಸಿರು ರೇಷ್ಮೆ ಸೀರೆಯುಟ್ಟ ಹರಿಣಿ ಬೆಲ್ ಕೇಳಿ ಬಾಗಿಲು ತೆರೆದಳು. ಎದುರಿಗೆ ಗುರುದತ್, ಬೆನ್ನಿಗೆ ಏರ್‌ಪೋರ್ಟಿನ ಬ್ಯಾಗು. ಒಳಗೆ ಅಬೆನಾ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಕರೆಸಿದ್ದು ಯಾರೆಂದು ಕೇಳಬೇಕಾಗಿರಲಿಲ್ಲ.

ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತರು.

"ಹೇಳದೆ ಕೇಳದೆ ಬಿಟ್ಟು ಹೋದ್ರಿ," ಎಂದಳು.

"ನಾನು ಅವತ್ತು ಅಲ್ಲಿ ಕೂತಿದ್ರೆ, ನೀವು ನನಗೆ ಹೆದರಿ ನಿಜ ಹೇಳಿದ ಹಾಗೆ ಆಗ್ತಿತ್ತು. ಅವಳಿಗೆ ಅದು ನಿಮ್ಮಿಂದಾನೇ ಸಿಗಬೇಕಿತ್ತು. ನೀವು ಹೇಳೇ ಹೇಳ್ತೀರ ಅಂತ ನನಗೆ ಗೊತ್ತಿತ್ತು. ಆಮೇಲೆ... ನೀವೇ ಕಾಲ್ ಮಾಡ್ತೀರ ಅಂತ ಕಾಯ್ತಾ ಇದ್ದೆ."

ಇಷ್ಟು ದಿನ ತನ್ನನ್ನು ಬಿಟ್ಟು ಹೋದ ಎಂದು ಅತ್ತದ್ದು ತನ್ನನ್ನು ಇಷ್ಟು ನಂಬಿದ್ದವನಿಗಾಗಿಯೇ? ಹರಿಣಿಯ ಕಣ್ಣು ತುಂಬಿತು.

"ನೀವಂದ್ರೆ ನಂಗಿಷ್ಟ ಹರಿಣಿ. ನನ್ನ ಬಗ್ಗೆನೂ ಒಂದು ಫೀಡ್‌ಬ್ಯಾಕ್ ಕೊಡಿ. ನಿಜವಾದದ್ದು."

ಅವಳು ಕಣ್ಣೊರೆಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮಾತು ಒರಟು. ಮನಸ್ಸಲ್ಲಿರೋದನ್ನ ಬಾಯಿಬಿಟ್ಟು ಹೇಳಲ್ಲ. ಅದು ದೊಡ್ಡ ಡಿಫೆಕ್ಟು."

"ಹಾಗಾದ್ರೆ ಯಾರೂ ತಗೊಳ್ಳಲ್ವಾ?"

"ನಾನು ತಗೋತೀನಿ."

"ಪಾಪ ಅಂತಾನಾ?"

ಹರಿಣಿ ಅವನ ಕೈಹಿಡಿದುಕೊಂಡಳು. "ಪಾಪ ಅಂತ ತಗೊಂಡಿದ್ದು ಕ್ಲೋಸೆಟ್‌ನಲ್ಲಿರತ್ತೆ ಗುರು. ನಿಮ್ಮನ್ನ ಜೊತೇಲೇ ಇಟ್ಕೋತೀನಿ."