ಮಸಿಯ ಮೇಲಿನ ಬಿಳಿ ಗೆರೆ

“ಮುಟ್ಟಬೇಡಿ!”

ತಮಿಳಿನಲ್ಲಿ ಕೂಗಿ ಮಣಿಕಟ್ಟನ್ನು ಹಿಡಿದ ಮೇಲೆಯೇ, ಆತ ಹೊಸದಾಗಿ ಬಂದ ಅಧ್ಯಾಪಕ ಮುನುಸ್ವಾಮಿ ಎಂಬುದು ಪ್ರಯೋಗಾಲಯದ ಸಹಾಯಕಿ ಸಿದ್ದಲಕ್ಷ್ಮಿಗೆ ಹೊಳೆಯಿತು.

ಅವನ ಬೆರಳಿನೆದುರು ಒಂದು ಉರುಳೆ ಸುತ್ತುತ್ತಿತ್ತು. ಅದರ ಮೈಗೆ ಸೀಮೆಎಣ್ಣೆಯ ಹೊಗೆಯಲ್ಲಿ ಕಪ್ಪಾಗಿಸಿದ ಕಾಗದ. ಕಪ್ಪೆಯ ತೊಡೆಯ ಸ್ನಾಯು ಕುಗ್ಗಿದಾಗ ಸಣ್ಣ ಕಡ್ಡಿಯೊಂದು ಮೇಲೆದ್ದು ಮಸಿಯಲ್ಲಿ ಬಿಳಿ ಗೆರೆ ಕೊರೆಯುತ್ತದೆ. ಅರಗಿನ ದ್ರಾವಣದಲ್ಲಿ ಅದ್ದಿ ಒಣಗಿಸುವವರೆಗೆ, ಬೆರಳು ತಾಗಿದರೆ ಆ ಗೆರೆ ಅಳಿಸಿಹೋಗುತ್ತದೆ.

ಆತ ತಮಿಳಿನಲ್ಲಿ ಕ್ಷಮೆ ಕೇಳಿದ. ನಂತರ ತನಗೆ ತಾನೇ ಗೊಣಗಿದ: “ಅವ್ವಾ... ಏನ್ ಬಿಗಿ ಇಡ್ಕಂಡವ್ಳೆ.”

ಅವಳು ತಟ್ಟನೆ ಕೈ ಬಿಟ್ಟಳು. ಸೇಲಂನ ಆ ಕಾಲೇಜಿನಲ್ಲಿ ಅವಳ ಮನೆಮಾತಾದ ಕನ್ನಡವನ್ನು ಯಾರೂ ಆಡಿರಲಿಲ್ಲ. ಬಾಡಿಗೆ ಕೋಣೆಯಲ್ಲಿ ಪಕ್ಕದ ಮನೆಯ ರೇಡಿಯೊ, ಪ್ರಯೋಗಾಲಯದಲ್ಲಿ ತೊಟ್ಟಿಯ ಕಪ್ಪೆಗಳು... ಅವಳು ಕನ್ನಡ ಆಡುತ್ತಿದ್ದುದು ಕಪ್ಪೆಗಳೊಂದಿಗೆ ಮಾತ್ರ.

“ನೀವು ನಮ್ಮೋರಾ?”

“ಹರೂರು ಕಡೆ. ಕುರಿ ಮೇಯ್ಸೋರ ಮನೆ.”

ಅವಳು ಅದೇ ಧರ್ಮಪುರಿ ಸೀಮೆಯ ಅದಿಯಮಾನ್‌ಕೋಟೆಯವಳು. ಅಂದಿನಿಂದ ಇಬ್ಬರೇ ಇದ್ದಾಗ ಕನ್ನಡ, ನಾಲ್ವರೆದುರು ತಮಿಳು ಎಂಬುದು ಹೇಳದೆಯೇ ನಿಯಮವಾಯಿತು. ಪ್ರೀತಿಯೂ ಹಾಗೆ, ಹೇಳದೆಯೇ ಬಂದಿತ್ತು.

೧೯೭೩ರ ಬೇಸಿಗೆಯಲ್ಲಿ ಅವರು ಕೆಫೀನಿನ ಪ್ರಯೋಗಕ್ಕೆ ತೊಡಗಿದರು. ಕಾಫಿಯಲ್ಲಿರುವ ಆ ವಸ್ತು ಸಾಕಷ್ಟು ಗಾಢವಾಗಿದ್ದರೆ, ವಿದ್ಯುತ್ತಿನ ಪ್ರಚೋದನೆ ಇಲ್ಲದೆಯೂ ಸ್ನಾಯು ಕುಗ್ಗುತ್ತದೆ. ಕುಗ್ಗಲು ಕ್ಯಾಲ್ಸಿಯಂ ಬೇಕು. ಅದು ಬರುವುದೆಲ್ಲಿಂದ, ಹೊರಗಿನ ದ್ರಾವಣದಿಂದಲೋ ಸ್ನಾಯುವಿನ ಒಳಗಿನಿಂದಲೋ? ಸಿದ್ದಲಕ್ಷ್ಮಿ ಕ್ಯಾಲ್ಸಿಯಂ ಇಲ್ಲದ ದ್ರಾವಣವನ್ನು ತಯಾರಿಸಿ, ಸ್ನಾಯುವನ್ನು ಅದರಲ್ಲಿ ತೊಳೆದು, ಕೆಫೀನ್ ಬೆರೆಸಿದಳು. ಕಡ್ಡಿ ಏರಿಯೇ ಏರಿತು.

ವಿಭಾಗದ ಮುಖ್ಯಸ್ಥ ಸುಬ್ಬರಾಯನ್ ಪಕ್ಕದಲ್ಲಿ ನಿಂತಿದ್ದರು. ಮುನುಸ್ವಾಮಿ ಅವಳತ್ತ ನೋಡದೆ ತಮಿಳಿನಲ್ಲಿ ನುಡಿದ: ಇವರು ಪಾತ್ರೆಯನ್ನು ನಲ್ಲಿ ನೀರಿನಲ್ಲಿ ತೊಳೆದಿದ್ದಾರೆ, ಸೇಲಂನ ಗಡಸು ನೀರಿನ ಕ್ಯಾಲ್ಸಿಯಂ ಸೇರಿಕೊಂಡಿದೆ. ಬಟ್ಟಿ ಇಳಿಸಿದ ನೀರಿನಲ್ಲೇ ತೊಳೆದೆನೆಂದು ಅವಳು ಹೇಳುತ್ತಿರುವಾಗಲೇ, ಆತ ಅಂಗೈಯಿಂದ ಗೆರೆಯನ್ನು ಒರೆಸಿಬಿಟ್ಟ.

ಕಾಗದವೆಲ್ಲ ಮಸಿ ಮಸಿ.

‘ನನ್ನ ಮಾತಿಗೆ ಅಷ್ಟೇ ಬೆಲೆಯೇ?’ ಮುಂದಿನ ವಾರಗಳಲ್ಲಿ ಆ ಪ್ರಶ್ನೆಯೊಂದೇ ಅವಳ ಜೊತೆಗಿತ್ತು. ಕಪ್ಪೆಗಳೊಡನೆ ಮಾತನಾಡುವುದನ್ನೂ ನಿಲ್ಲಿಸಿದಳು. ಧರ್ಮಪುರಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಸುಬ್ಬರಾಯನ್ ಅವರಿಗೆ ರಾಜೀನಾಮೆ ಕೊಟ್ಟು, ಬೇರೆ ಯಾರಿಗೂ ಹೇಳದೆ ಪೆಟ್ಟಿಗೆ ಕಟ್ಟಿದಳು.

ಬಸ್ ನಿಲ್ದಾಣದ ಬಿಸಿಲಿನಲ್ಲಿ, ಜನರ ನಡುವೆ ಮೊಣಕೈಯಿಂದ ದಾರಿ ಮಾಡಿಕೊಳ್ಳುತ್ತ ಮುನುಸ್ವಾಮಿ ಬಂದ. ಎರಡೂ ಕೈಗಳಲ್ಲಿ, ಅಂಚುಗಳನ್ನಷ್ಟೇ ಹಿಡಿದ ಕಪ್ಪು ಕಾಗದ. ಅದರಲ್ಲಿ ಏರಿ ನಿಂತ ಬಿಳಿ ಗೆರೆ.

“ಕ್ಯಾಲ್ಸಿಯಂ ಒರಗಿಂದ ಬಂದಿಲ್ಲ ಲಕ್ಷ್ಮಿ. ಸ್ನಾಯುವಿನ ಎಳೆ ಒಳಗೇ ಬಚ್ಚಿಟ್ಕಂಡೈತೆ. ಕೆಫೀನ್ ಬಾಗ್ಲು ತೆಗೀತದೆ, ಅಷ್ಟೆ.”

“ಪಾತ್ರೆ ಯಾರು ತೊಳೆದ್ರು?”

“ನಾನೇ.”

“ನಿಮ್ಮ ಕೈಲಿ ತೊಳೆದ ಮ್ಯಾಲೆ ನಂಬಿಕೆ ಬಂತು. ಸರಿ.” ಅವಳು ಪೆಟ್ಟಿಗೆಯನ್ನೆತ್ತಿಕೊಂಡಳು.

“ನಂಬಿಕೆ ಅವತ್ತೂ ಇತ್ತು.” ಆತ ಅವಳ ದಾರಿಗೆ ಅಡ್ಡ ನಿಂತ. “ನಮ್ಮೋಳು ಅಂತ ಸುಮ್ಕೆ ಬುಟ್ಟ ಅಂತಾರೇನೋ ಅಂತ ಎದರಿಕೆ ಆಯ್ತು. ನಿನ್ನ ಮ್ಯಾಲೇ ಜಾಸ್ತಿ ಜೋರು ಮಾಡ್ದೆ. ಈಗ ಸುಬ್ಬರಾಯನ್ ಸಾರ್‌ಗೆ ಏಳಿ ಬಂದೆ, ತಪ್ಪು ನಂದು ಅಂತ.”

ಬಸ್ಸು ಹೊರಡಲು ಸದ್ದು ಮಾಡಿತು. ಆತ ಕಾಗದವನ್ನು ಮುಂದೆ ಚಾಚಿದ.

“ಅರಗು ಆಕಿಲ್ಲ. ನಾನು ನಿಂಗೆ ಬ್ಯಾಡ ಅಂದ್ರೆ ಅಳಿಸ್ಬುಡು. ನೀನಿಲ್ದೆ ನಾನು ಯಾರ ಕೂಡ ಮಾತಾಡ್ಲಿ?”

“ಕಪ್ಪೆಗೋಳು ಅವೆಯಲ್ಲ... ಒಳ್ಳೆಯೋವು. ಮಧ್ಯ ಬಾಯಿ ಆಕಲ್ಲ.”

ಆತ ನಗಲಿಲ್ಲ. ಕಾಗದವನ್ನು ಹಾಗೆಯೇ ಚಾಚಿ ನಿಂತಿದ್ದ. ಸಿದ್ದಲಕ್ಷ್ಮಿ ಪೆಟ್ಟಿಗೆಯನ್ನು ಕೆಳಗಿಳಿಸಿ, ಕಾಗದದ ಒಂದು ಅಂಚನ್ನು ಮೆಲ್ಲನೆ ಹಿಡಿದಳು.

“ಬಸ್ಸಿನ ಗಾಳಿಗೆ ಇದು ಉಳಿಯಾಕಿಲ್ಲ. ಲ್ಯಾಬಿಗೆ ಓಗಾನ, ಅರಗು ಆಕ್ಬೇಕು.”

“ಆಮ್ಯಾಕೆ?”

“ಆಮ್ಯಾಕೆ ನಮ್ಮೂರಿಗೆ ಬಂದು ಅಪ್ಪನ್ನ ಕೇಳಿ.”

“ಕನ್ನಡದಾಗಾ, ತಮಿಳ್ನಾಗಾ?”

“ಕನ್ನಡದಾಗೆ. ಎಲ್ಲಾರ ಎದುರಿಗೆ.”