ಎಫ್ ನೈನ್ ಕೀಯ ಜಗಳ

ಭದ್ರಾವತಿಯ ಬ್ಲಡ್ ಬ್ಯಾಂಕಿನ ಆಪರೇಟರ್ ಸಂಧ್ಯಾ ಹೊಸ ಸಾಫ್ಟ್‌ವೇರ್‌ಗೆ ಒಪ್ಪಿಗೆಯ ಸಹಿ ಹಾಕುತ್ತಿಲ್ಲ ಎಂದು ತಿಳಿದಾಗ ಸುಘೋಷ ಶಿವಮೊಗ್ಗದಿಂದ ಬೆಳಗಿನ ಬಸ್ಸು ಹತ್ತಿದ. ಅದರ ಪ್ರತಿ ವಿಂಡೋ ಹೇಗಿರಬೇಕು, ಯಾವ ಕೀ ಏನು ಮಾಡಬೇಕು ಎಂಬ ನಿಯಮಗಳನ್ನು ಬರೆದವನು ಅವನೇ.

"ಹೊಸದು ಅಂದ್ರೆ ಭಯಾನಾ ಮೇಡಂ?"

ಹಳೆಯ ಟರ್ಮಿನಲ್‌ನ ಕಪ್ಪು ಪರದೆಯಿಂದ ಅವಳು ಕಣ್ಣೆತ್ತಿದಳು. "ಸ್ವಲ್ಪ ಹೊತ್ತು ಕೂತು ನೋಡಿ. ಆಮೇಲೆ ಮಾತಾಡೋಣ."

ಕೂತ. ಅವಳ ಕಿವಿಗೂ ಭುಜಕ್ಕೂ ನಡುವೆ ಫೋನು, ಕಣ್ಣು ರಕ್ತದ ಚೀಲದ ಲೇಬಲ್ ಮೇಲೆ. ಬೆರಳುಗಳು ಮಾತ್ರ ತಮ್ಮಷ್ಟಕ್ಕೆ ಕೀಬೋರ್ಡಿನ ಮೇಲೆ ಓಡುತ್ತಿದ್ದವು. ಪರದೆ ನೋಡಲು ಬಂದವನು ಆ ಬೆರಳುಗಳನ್ನೇ ನೋಡುತ್ತ ಉಳಿದ.

"ಪರದೆ ಆ ಕಡೆ ಇದೆ," ಎಂದಳು ಸಂಧ್ಯಾ, ಲೇಬಲ್‌ನಿಂದ ಕಣ್ಣು ತೆಗೆಯದೆ. ಅವನ ಕಿವಿ ಬಿಸಿಯಾಯಿತು.

"ಎಂಟು ವರ್ಷದಿಂದ ಇಲ್ಲಿ ಎಫ್ ನೈನ್ ಅಂದ್ರೆ ಕ್ಯಾನ್ಸಲ್. ನಿಮ್ಮ ವಿಂಡೋದಲ್ಲಿ ಅದೇ ಕೀ ಒತ್ತಿದ್ರೆ ರಕ್ತ ಕೊಡೋಕೆ ಒಪ್ಪಿಗೆ. ಗ್ರೂಪ್ ತಪ್ಪಿದೆ ಅಂತ ನಿಲ್ಲಿಸೋಕೆ ಹೋಗಿ ಕಳಿಸಿಬಿಟ್ರೆ? ಹಳೇದು, ಹೊಸದು ಎರಡೂ ಇನ್ನೊಂದು ವರ್ಷ ಜೊತೆಗೇ ನಡೀಬೇಕಂತೆ. ನನ್ನ ಬೆರಳು ಯಾವುದನ್ನ ನಂಬಬೇಕು?"

ಸುಘೋಷ ನೋಟ್‌ಬುಕ್ ತೆಗೆದು 'ಎಫ್ ನೈನ್' ಎಂದು ಬರೆದುಕೊಂಡ.

ಸಂಜೆ ಶಿವಮೊಗ್ಗದ ಆಫೀಸಿನಲ್ಲಿ ಬಾಸ್ ಸುದರ್ಶನ ತಲೆ ಒತ್ತಿಕೊಂಡರು. "ತಿಂಗಳ ಕೊನೆಗೆ ಕೊಡ್ಬೇಕು ಮಾರಾಯ. ಹೇಗಾದ್ರೂ ಸಹಿ ಹಾಕ್ಸು."

"ಹಾಕ್ಸಲ್ಲ ಸಾರ್. ತಪ್ಪು ನಂದು. ತಿದ್ದೋವರೆಗೂ ಇದನ್ನ ಕೊಡೋಕೆ ಬಿಡಲ್ಲ. ಬೇಕಿದ್ರೆ ನನ್ನ ಕೆಲಸದಿಂದ ತೆಗೀರಿ."

ಸುದರ್ಶನ ಅವನನ್ನೇ ದಿಟ್ಟಿಸಿ, ಹನ್ನೆರಡು ದಿನ ಕೊಟ್ಟರು.

ಹನ್ನೆರಡು ದಿನವೂ ಸುಘೋಷ ಭದ್ರಾವತಿಗೆ ಬಂದ. ಅವಳು ಒಂದೊಂದೇ ಕೀ ಒತ್ತಿ ತೋರಿಸಿದಳು, ಅವನು ಬರೆದುಕೊಂಡ.

"ಇವತ್ತು ಎಷ್ಟು ತಪ್ಪು ತಂದಿದೀರಿ?"

"ನೀವು ಸಂಜೆವರೆಗೂ ತಿದ್ದೋವಷ್ಟು."

ಅವಳು ನಗು ಮರೆಮಾಡಲು ಲೇಬಲ್ ಕಡೆ ಬಾಗುತ್ತಿದ್ದಳು. ಆ ಲೇಬಲನ್ನು ಆಗಲೇ ಎರಡು ಸಲ ಓದಿಯಾಗಿರುತ್ತಿತ್ತು.

ಕೊನೆಗೆ ಕಪ್ಪು ಪರದೆಯೂ ಹೊಸ ವಿಂಡೋವೂ ಒಂದೇ ಕೀಗೆ ಒಂದೇ ಕೆಲಸ ಮಾಡಿದವು. ಸಂಧ್ಯಾ ಮೂರು ಸಲ ಪರೀಕ್ಷಿಸಿ ಸಹಿ ಹಾಕಿದಳು.

"ಇನ್ನು ನಿಮಗೆ ಇಲ್ಲಿ ಕೆಲಸ ಇಲ್ಲ," ಎಂದಳು ಮೆಲ್ಲಗೆ.

"ಕೆಲಸ ಇಲ್ಲದಿದ್ರೂ ಬರ್ತೀನಿ, ನಿಮ್ಮನ್ನ ನೋಡೋಕೆ. ನನಗೆ ನೀವು ಬೇಕು ಸಂಧ್ಯಾ. ನಿಮಗೆ ಬೇಡ ಅನ್ಸಿದ್ರೆ ಈಗಲೇ ಹೇಳಿ."

ಅವಳು ಬೇಡ ಎನ್ನಲಿಲ್ಲ. "ನಮ್ಮ ಜಾತಿ ಬೇರೆ. ನಿಮ್ಮ ಅಮ್ಮ ಒಪ್ತಾರಾ?"

"ಮೊದಲು ಒಪ್ಪಲ್ಲ. ಒಪ್ಪೋವರೆಗೂ ಕೇಳ್ತೀನಿ."

ಸಂಧ್ಯಾ ಕೈಯಲ್ಲಿದ್ದ ಲೇಬಲ್ ಬದಿಗಿಟ್ಟು ಅವನ ಕಡೆ ತಿರುಗಿದಳು.

"ನಮ್ಮಪ್ಪಂಗೂ ಹಟ ಜಾಸ್ತಿ. ಭಾನುವಾರ ಮನೆಗೆ ಬನ್ನಿ. ನಾನು ನಿಮ್ಮ ಪಕ್ಕದಲ್ಲೇ ಕೂತಿರ್ತೀನಿ."