ಮಲಗಿದರೆ ಮಾಯವಾಗುವ ತಲೆನೋವು

“ಎಂಥಾ ಜಾಣ ತಲೆನೋವು ಅತ್ತಿಗೆ ನಿಮ್ಮದು! ಮಲಗಿದ್ರೆ ಮಾಯ, ಎದ್ದು ಕೂತ್ರೆ ಹಾಜರು!” ಅಂದಳು ಅತ್ತೆ, ಆಸ್ಪತ್ರೆಯ ಮಂಚದ ಮೇಲಿದ್ದ ಅಮ್ಮನಿಗೆ.

ಪಿಟೀಲು ಕಿಸಕ್ಕನೆ ನಕ್ಕಳು. ಹಿಡಿದ ಮಾತನ್ನು ಬಿಡದೆ ಕುಯ್ಯುತ್ತಾಳೆಂದು ಮನೆಯವರು ಅವಳಿಗಿಟ್ಟ ಹೆಸರದು. ಸ್ಕೂಲ್ ಮುಗಿಸಿ, ಬ್ಯಾಗ್ ಸಮೇತ ನೇರ ಆಸ್ಪತ್ರೆಗೆ ಬಂದಿದ್ದಳು. ಗಣಿತದ ಟೆಸ್ಟ್ ದಿನ ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಹೊರಟುಹೋಗುವ ತಲೆನೋವಿನಲ್ಲಿ ಅವಳದು ದೊಡ್ಡ ಅನುಭವ. ಅಮ್ಮನದೂ ಅದೇ ಪೈಕಿ ಎಂದು ಈ ತಜ್ಞೆ ತೀರ್ಮಾನಿಸಿಬಿಟ್ಟಳು.

ಮೊನ್ನೆ ಆಪರೇಷನ್ ಆಗಿ ತಮ್ಮ ಹುಟ್ಟಿದ್ದ. ಅಮ್ಮನ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಸೊಂಟದಿಂದ ಕೆಳಗೆ ಮರಗಟ್ಟುವಂತೆ ಮಾಡಿದ್ದರು. ನಿನ್ನೆಯಿಂದ ಈ ತಲೆನೋವು. ಸರಿಯಾಗಿ ಮಗುವನ್ನು ಎತ್ತಿಕೊಳ್ಳುವ ಹೊತ್ತಿಗೇ ಬರುತ್ತದೆಂದು ಅತ್ತೆಗೆ ಅನುಮಾನ. ಅತ್ತೆ ಡಾಕ್ಟರಲ್ಲ, ಟೈಲರ್. ಅನುಮಾನ ಪಡುವುದಕ್ಕೆ ಡಿಗ್ರಿ ಬೇಕಿಲ್ಲವಲ್ಲ!

ತಮ್ಮ ಕಿಟಾರನೆ ಕಿರುಚಿದ. ಅಮ್ಮ ಮೊಣಕೈ ಊರಿ ಎದ್ದು ಕೂತು ಅವನನ್ನು ಎತ್ತಿಕೊಂಡಳು. ಒಂದು ನಿಮಿಷವೂ ಆಗಿರಲಿಲ್ಲ, ಮುಖ ಬಿಳಿಚಿಕೊಂಡಿತು, ಕೈ ನಡುಗಿತು.

“ಹಿಡ್ಕೊಳ್ಳೇ, ಬೇಗ... ಬೀಳಿಸಿಬಿಡ್ತೀನಿ!”

ಪಿಟೀಲು ಓಡಿಬಂದು ತಮ್ಮನನ್ನು ಹಿಡಿದುಕೊಂಡಳು. ಸುಳ್ಳು ತಲೆನೋವಿಗೆ ಕೈ ಹೀಗೆ ನಡುಗುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಡಾಕ್ಟರಮ್ಮ ರೌಂಡ್ಸ್‌ಗೆ ಬರುವಷ್ಟರಲ್ಲಿ ಅಮ್ಮ ಮತ್ತೆ ಮಲಗಿದ್ದಳು.

“ಹೇಗಿದ್ದೀರಿ?”

ಅಮ್ಮ ಅತ್ತೆಯ ಕಡೆ ನೋಡಿದಳು. “ಈಗ ಆರಾಮಾಗಿದೀನಿ ಡಾಕ್ಟರ್.”

“ಗುಡ್. ನಾಳೆ ಮನೆಗೆ ಹೋಗಬಹುದು.”

ನಿನ್ನೆಯೂ ಇದೇ ಪ್ರಶ್ನೆ, ಇದೇ ಉತ್ತರ, ಇದೇ ಗುಡ್.

“ಡಾಕ್ಟರ್, ಮಲಗಿರೋವಾಗ ಕೇಳಿದ್ರೆ ಆರಾಮ್ ಅಂತಾನೇ ಹೇಳ್ತಾಳೆ. ಕೂತಿರೋವಾಗ ಕೇಳಿ!” ಅಂದಳು ಪಿಟೀಲು.

“ಏಯ್, ಸುಮ್ನಿರೇ,” ಎಂದು ಅತ್ತೆ ಗದರಿದಳು.

“ಕೂತಿರೋವಾಗ ಕೇಳಿ. ಒಂದೇ ಒಂದ್ಸಲ ಕೂತಿರೋವಾಗ ಕೇಳಿ!”

ಡಾಕ್ಟರಮ್ಮ ಸ್ಟೂಲ್ ಎಳೆದುಕೊಂಡು ಕೂತು, ಅಮ್ಮನಿಂದ ಎಲ್ಲ ಹೇಳಿಸಿದರು. ಕೊನೆಗೆ ಅತ್ತೆಯ ಕಡೆಗೇ ತಿರುಗಿ ಹೇಳಿದರು: “ಬೆನ್ನಿನ ಇಂಜೆಕ್ಷನ್ ಆದ್ಮೇಲೆ ಕೆಲವರಿಗೆ ಹೀಗಾಗುತ್ತೆ. ಸೂಜಿ ಹೋದ ಜಾಗದಿಂದ, ಮೆದುಳು-ಬೆನ್ನುಹುರಿ ಸುತ್ತ ಇರೋ ನೀರು ಸ್ವಲ್ಪ ಸೋರುತ್ತೆ. ಕೂತ್ರೆ ತಲೆ ಸಿಡಿಯುತ್ತೆ, ಮಲಗಿದ್ರೆ ಕಡಿಮೆಯಾಗುತ್ತೆ. ನಾಟಕ ಅಲ್ಲ. ಇದಕ್ಕೆ ಟ್ರೀಟ್‌ಮೆಂಟ್ ಇದೆ, ನಾಳೆ ಮನೆಗೆ ಕಳಿಸಲ್ಲ.”

ಅತ್ತೆಗೆ ಥಟ್ಟನೆ ಫ್ಲಾಸ್ಕ್ ತೊಳೆಯುವುದು ನೆನಪಾಯಿತು.

ಪಿಟೀಲು ತಮ್ಮನನ್ನು ಅಮ್ಮನ ಪಕ್ಕದಲ್ಲಿ ಮಲಗಿಸಿದಳು. “ಅಮ್ಮಾ... ಆಗ ನಾನೂ ನಕ್ಕೆ.”

“ಕೇಳಿಸ್ತು. ನೋವಿದ್ದಿದ್ದು ತಲೇಲಿ ಕಣೇ, ಕಿವೀಲಲ್ಲ.”

ಅವಳಿಗೆ ಅಳು ಒತ್ತರಿಸಿ ಬಂತು. ಡಾಕ್ಟರಮ್ಮ ಬಿಟ್ಟುಹೋದ ಸ್ಟೂಲು ಅಲ್ಲೇ ಇತ್ತು. ಅದರ ಮೇಲೆ ಕೂತರೆ ಅವಳ ಮುಖ ನೋಡಲು ಅಮ್ಮ ತಲೆ ಎತ್ತಬೇಕಾಗುತ್ತಿತ್ತು. ಅವಳು ಸ್ಟೂಲನ್ನು ಆಚೆಗೆ ಸರಿಸಿ, ನೆಲದ ಮೇಲೆ ಮಂಡಿಯೂರಿ, ಅಮ್ಮನ ದಿಂಬಿನ ಅಂಚಿಗೆ ಕೆನ್ನೆ ಇಟ್ಟಳು.